ಸೇವೆಗೆ ಕಟ್ಟಿದ ಮನ್ನಾ: ಶಿಕ್ಷಣ ಸಾಲ, ಸಾರ್ವಜನಿಕ ಹಣ ಮತ್ತು ಕಕ್ಕೇರಾ ಸೀಮೆ

ಕೇಂದ್ರ ಸರ್ಕಾರ 1963-64ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ಇಂದು ನೆನೆಯುವವರು ಕಡಿಮೆ. ಪ್ರತಿಭೆಯಿದ್ದೂ ಹಣವಿಲ್ಲದ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುವುದು ಅದರ ಉದ್ದೇಶ. ನೆನೆಯುವವರೂ ವಸೂಲಾಗದ ಸರ್ಕಾರಿ ಸಾಲಕ್ಕೆ ನಿದರ್ಶನವಾಗಿ ಮಾತ್ರ ಅದನ್ನು ಮುಂದಿಡುತ್ತಾರೆ. ಅದರ ನಿಯಮಗಳಲ್ಲಿದ್ದ ಒಂದು ಅಂಶ ಈ ಚರ್ಚೆಗಳಲ್ಲಿ ಹಿಂದೆ ಬಿದ್ದಿದೆ: ಸಾಲ ಪಡೆದವರು ಮುಂದೆ ಶಿಕ್ಷಕರಾದರೆ ಅಥವಾ ಸೇನೆ ಸೇರಿದರೆ, ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ಹತ್ತು ವರ್ಷ ಪಾಠ ಹೇಳಿದವರ ಸಾಲ ಪೂರ್ತಿ ತೀರುತ್ತಿತ್ತು. ಅಮೆರಿಕ 2007ರಲ್ಲಿ ಸಾರ್ವಜನಿಕ ಸೇವೆಯಲ್ಲಿರುವವರಿಗೆ 120 ಕಂತುಗಳ ನಂತರ ಉಳಿದ ಶಿಕ್ಷಣ ಸಾಲ ಬಿಡುವ ಕಾನೂನು ಮಾಡಿತು. ಅದೇ ತತ್ತ್ವ ನಾಲ್ಕು ದಶಕಗಳಿಗೂ ಮೊದಲೇ ನಮ್ಮಲ್ಲಿ ಜಾರಿಯಲ್ಲಿತ್ತು. ತೆರಿಗೆ ಹಣದಿಂದ ಶಿಕ್ಷಣ ಸಾಲ ಮನ್ನಾ ಮಾಡಬಹುದೇ ಎಂಬ ಪ್ರಶ್ನೆಯನ್ನು ಈ ನಿಯಮದ ಬೆಳಕಿನಲ್ಲಿ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಕ್ಕೇರಾ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಗುರಿ.

ಹಿಂದಿನ ಚರ್ಚೆಯ ಹಾದಿ ಸುಪರಿಚಿತ. ಪುನ್ನಯ್ಯ ಸಮಿತಿ (1993) ಮತ್ತು ಸ್ವಾಮಿನಾಥನ್ ಸಮಿತಿ (1994) ಉನ್ನತ ಶಿಕ್ಷಣದ ವೆಚ್ಚದ ಒಂದು ಪಾಲನ್ನು ಶುಲ್ಕದಿಂದ ತುಂಬಿಕೊಳ್ಳಬೇಕೆಂದವು. ಬಿರ್ಲಾ-ಅಂಬಾನಿ ವರದಿ (2000) ಇನ್ನೂ ಮುಂದೆ ಹೋಗಿ ಕಲಿಯುವವರೇ ಹಣ ಕೊಡಲಿ, ಇಲ್ಲದವರು ಸಾಲ ಮಾಡಲಿ ಎಂಬ ನಿಲುವು ತಾಳಿತು. ಸಾಲವು ಸರ್ಕಾರಿ ಅನುದಾನಕ್ಕೆ ಬದಲಿಯಾಗಲಾರದೆಂದು ಶಿಕ್ಷಣ ಅರ್ಥಶಾಸ್ತ್ರಜ್ಞ ಜಂಧ್ಯಾಲ ತಿಲಕ್ ದೀರ್ಘಕಾಲದಿಂದ ವಾದಿಸುತ್ತ ಬಂದಿದ್ದಾರೆ. ಇವುಗಳನ್ನು ಇಲ್ಲಿ ಮತ್ತೆ ವಿಸ್ತರಿಸಬೇಕಾಗಿಲ್ಲ. ನಮ್ಮ ತಕರಾರು ಇರುವುದು ಕೇಂದ್ರ ಹಣಕಾಸು ಸಚಿವಾಲಯ ಸರ್ಕಾರಿ ಸಹಾಯಧನಗಳ ಬಗ್ಗೆ 1997ರಲ್ಲಿ ಹೊರತಂದ ಚರ್ಚಾಪತ್ರದೊಂದಿಗೆ.

ಪ್ರಾಥಮಿಕ ಶಿಕ್ಷಣದ ಫಲ ಇಡೀ ಸಮಾಜಕ್ಕೆ ಹರಡುತ್ತದೆ, ಆದ್ದರಿಂದ ಅದಕ್ಕೆ ಸಹಾಯಧನ ಸಲ್ಲುತ್ತದೆ. ಉನ್ನತ ಶಿಕ್ಷಣದ ಫಲ ಹೆಚ್ಚಾಗಿ ಕಲಿತವರ ಕೈಗೇ ಸೇರುತ್ತದೆ, ಆದ್ದರಿಂದ ಅದಕ್ಕೆ ಸಲ್ಲುವುದಿಲ್ಲ. ಆ ಪತ್ರದ ವಿಂಗಡಣೆಯ ತಿರುಳು ಇದು. ಅದೇ ಸಚಿವಾಲಯದ 2004ರ ವರದಿಯಲ್ಲಿ ಉನ್ನತ ಶಿಕ್ಷಣವನ್ನು ನಡುವಿನ ವರ್ಗಕ್ಕೆ ತಂದದ್ದುಂಟು. ಆದರೂ ಮೊದಲ ವಿಂಗಡಣೆಯ ತರ್ಕವೇ ಜನರ ಮಾತಿನಲ್ಲಿ ಉಳಿದುಕೊಂಡಿದೆ. ಕೂಲಿಯವನ ತೆರಿಗೆಯಿಂದ ಎಂಜಿನಿಯರನ ಸಾಲ ಏಕೆ ತೀರಿಸಬೇಕು ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಕ್ಕೇರಾ ಸುತ್ತಿನ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬ ಆದಾಯ ತೆರಿಗೆಯ ಪಟ್ಟಿಯಲ್ಲಿ ಇರಲಾರದು. ಆದರೆ ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗಲೆಲ್ಲ ಶೇ. 18ರ ಜಿಎಸ್‌ಟಿ ಕೊಡುತ್ತದೆ. ಬೊಕ್ಕಸ ತುಂಬುವವರಲ್ಲಿ ಈ ಕುಟುಂಬವೂ ಸೇರಿದೆ. ಅದರ ಮಕ್ಕಳು ಬ್ಯಾಂಕಿನ ಬಾಗಿಲವರೆಗೆ ತಲುಪುವುದೇ ಅಪರೂಪ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36; ಯಾದಗಿರಿ ಜಿಲ್ಲೆಯದು ಶೇ. 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ. 50.59ರೊಂದಿಗೆ ಕೊನೆಯಲ್ಲಿತ್ತು. ಸುಮಾರು ಅರ್ಧದಷ್ಟು ಮಕ್ಕಳು ಹತ್ತನೆಯ ತರಗತಿಯಲ್ಲೇ ಎಡವುವ ಜಿಲ್ಲೆಯಲ್ಲಿ ಪದವಿಯ ಸಾಲವನ್ನು ಸಾರಾಸಗಟಾಗಿ ಮನ್ನಾ ಮಾಡಿದರೆ, ಆ ಹಣ ಒಳಗೆ ಹೊಕ್ಕವರಿಗೇ ಸಲ್ಲುತ್ತದೆ, ಹೊರಗೆ ಉಳಿದವರಿಗೆ ಸಲ್ಲುವುದಿಲ್ಲ. ಇಷ್ಟರ ಮಟ್ಟಿಗೆ 1997ರ ಪತ್ರದ ಪರವಾದ ಮಾತು ನ್ಯಾಯವಾದುದು.

ತಪ್ಪು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವವರು ಯಾರು? ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವವರು ಯಾರು? ಡಿ.ಇಡಿ., ಬಿ.ಇಡಿ., ನರ್ಸಿಂಗ್, ವೈದ್ಯಕೀಯ ಓದಿ ಬಂದವರೇ ಅಲ್ಲವೇ? ಸಹಾಯಧನಕ್ಕೆ ಅರ್ಹವೆಂದು ಆ ಪತ್ರ ಒಪ್ಪಿಕೊಂಡ ಪ್ರಾಥಮಿಕ ಶಿಕ್ಷಣ, ಅರ್ಹವಲ್ಲವೆಂದು ಬದಿಗಿಟ್ಟ ಉನ್ನತ ಶಿಕ್ಷಣವಿಲ್ಲದೆ ನಡೆಯುವುದೇ ಇಲ್ಲ. ಗಣಿತ ಶಿಕ್ಷಕರಿಲ್ಲದ ಪ್ರೌಢಶಾಲೆಗೆ ಕಟ್ಟಡ, ಬಿಸಿಯೂಟ, ಸೈಕಲ್ ಎಲ್ಲ ಬಂದರೂ ಗಣಿತ ಬರುವುದಿಲ್ಲ. ಒಂದು ಪದವಿಯ ಫಲ ಕಲಿತವರಿಗೆ ಎಷ್ಟು, ಊರಿಗೆ ಎಷ್ಟು ಎಂಬುದು ಪದವಿಯ ಹೆಸರಿನಿಂದ ತೀರ್ಮಾನವಾಗದು. ಅದನ್ನು ಪಡೆದವರು ಎಲ್ಲಿ ಕೆಲಸ ಮಾಡುತ್ತಾರೆ ಎಂಬುದರಿಂದ ತೀರ್ಮಾನವಾಗುತ್ತದೆ. ಅದೇ ಬಿ.ಎಸ್ಸಿ. ನರ್ಸಿಂಗ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಮುಖ್ಯವಾಗಿ ಸಂಬಳ. ಆರೋಗ್ಯ ಸಿಬ್ಬಂದಿ ಸಿಗದ ಸುರಪುರ ತಾಲ್ಲೂಕಿನ ಹಳ್ಳಿಯಲ್ಲಿ ಅದು ತಾಯಂದಿರ ಜೀವ.

ಇಲ್ಲಿಂದ ನನ್ನ ಪ್ರತಿಪಾದನೆ. ಸಾರಾಸಗಟು ಮನ್ನಾಕ್ಕೆ ತೆರಿಗೆ ಹಣ ಸಲ್ಲದಿರಬಹುದು. ಆದರೆ ಹಿಂದುಳಿದ ತಾಲ್ಲೂಕಿನಲ್ಲಿ ಕಲಿಸುವ, ಚಿಕಿತ್ಸೆ ನೀಡುವ ಸೇವೆಗೆ ಪ್ರತಿಯಾಗಿ ವರ್ಷಕ್ಕೆ ಹತ್ತನೆಯ ಒಂದು ಭಾಗದಂತೆ ಸಾಲ ಇಳಿಸುವುದು ಸರ್ಕಾರದ ಔದಾರ್ಯವಲ್ಲ, ಸಂದ ಸೇವೆಗೆ ಸಲ್ಲಬೇಕಾದ ಬಾಕಿ. ಈ ಮಾತಿಗೆ ಕೆಲವು ಮಿತಿಗಳನ್ನು ಇಲ್ಲೇ ಹಾಕಿಕೊಳ್ಳಬೇಕು. ಇದನ್ನು ಇಡೀ ರಾಜ್ಯಕ್ಕೆ ಅನ್ವಯಿಸುತ್ತಿಲ್ಲ. ನಂಜುಂಡಪ್ಪ ಸಮಿತಿಯ 2002ರ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಂಥ ಕಡೆಗಷ್ಟೇ ಇದರ ವ್ಯಾಪ್ತಿ. ಎಲ್ಲ ಉದ್ಯೋಗಗಳಿಗೂ ಹೇಳುತ್ತಿಲ್ಲ; ಕೊರತೆ ಎದ್ದು ಕಾಣುವ ಹುದ್ದೆಗಳಿಗೆ ಮಾತ್ರ. ಸೇವೆಯನ್ನು ನಡುವೆ ಬಿಟ್ಟವರಿಗೆ ದಂಡ ಕೂಡದು. ಕಳೆದ ವರ್ಷಗಳ ಪಾಲು ಅವರಿಗೆ ಸಂದಿರಬೇಕು. ಇಲ್ಲವಾದರೆ ಬಡವರ ಮಗಳು ಸಾಲದ ಭಯಕ್ಕೆ ಊರಿಗೆ ಅಂಟಿಕೊಂಡು, ಉಳ್ಳವರ ಮಗಳು ಬೇಕಾದಲ್ಲಿಗೆ ಹೋಗುವ ಹೊಸ ಜೀತ ಹುಟ್ಟುತ್ತದೆ. ಈ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದುದು. ಪ್ರಮಾಣಾನುಸಾರ ಇಳಿಕೆ ಅದನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ ಎಂದೇ ಒಪ್ಪಬೇಕಾಗುತ್ತದೆ.

ಹಳೆಯ ಯೋಜನೆಯ ವಸೂಲಿ ಸೋತದ್ದರಿಂದ ಅದರ ನಿಯಮವೂ ಸೋತಿತು ಎನ್ನುವುದು ಸರಿಯಲ್ಲ. ಹಣ ಕೇಂದ್ರದ್ದು, ಬೆನ್ನುಹತ್ತಿ ವಸೂಲು ಮಾಡಬೇಕಾದದ್ದು ರಾಜ್ಯಗಳು. ವಸೂಲಿ ಕುಸಿಯಲು ಇಂಥ ಏರ್ಪಾಟೇ ಸಾಕು. ಸೇವೆಯಲ್ಲಿರುವವರ ಸಾಲಕ್ಕೆ ಬೆನ್ನುಹತ್ತುವ ಪ್ರಶ್ನೆಯೇ ಇಲ್ಲ. ಸೇವಾ ಪುಸ್ತಕವೇ ಅಲ್ಲಿ ಲೆಕ್ಕ.

ಇಂದಿನ ಸಾಲ ಬಹುಪಾಲು ಬ್ಯಾಂಕುಗಳದ್ದು, ಮನ್ನಾ ಮಾಡಿದರೆ ಸರ್ಕಾರ ಬ್ಯಾಂಕಿಗೆ ಹಣ ಕಟ್ಟಿಕೊಡಬೇಕಲ್ಲ ಎಂದು ಕೇಳಬಹುದು. 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲವನ್ನು 50,000 ರೂಪಾಯಿವರೆಗೆ ಮನ್ನಾ ಮಾಡಿದಾಗ ರಾಜ್ಯ ಹೊತ್ತ ಹೊರೆ 8,165 ಕೋಟಿ ರೂಪಾಯಿ. ಆದರೆ ಸರ್ಕಾರದ ನಿಗಮಗಳೇ ಕೊಡುವ ಸಾಲವೂ ಇದೆ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ದರ ಶೇ. 2. ಸಾಲ ಕೊಟ್ಟದ್ದೂ, ಶಿಕ್ಷಕರನ್ನು ನೇಮಿಸುವುದೂ ಒಂದೇ ಸರ್ಕಾರವಾದ್ದರಿಂದ ಇಲ್ಲಿ ಮೂರನೆಯವರ ಒಪ್ಪಿಗೆ ಬೇಕಿಲ್ಲ. ಪ್ರಯೋಗಕ್ಕೆ ಇದೇ ತಕ್ಕ ಜಾಗ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ‘ಸಿ’ ವೃಂದದ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲಾಗಿರುವುದು ಇದಕ್ಕೆ ಆಸರೆಯೂ ಹೌದು.

ತೆರಿಗೆದಾರರ ಹೊರೆಯ ಮಾತು ಬಂದಾಗ ಮತ್ತೊಂದು ಸಂಗತಿಯನ್ನು ಮರೆಯಬಾರದು. ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಂತೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ, ಮೊತ್ತದ ಮಿತಿಯಿಲ್ಲದೆ, ವಿನಾಯಿತಿ ಸಿಗುತ್ತಿತ್ತು; ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಈಗಲೂ ಇದೆ. ಹೆಚ್ಚು ಸಂಬಳ, ಹೆಚ್ಚು ಸಾಲ ಇದ್ದವರಿಗೆ ಹೆಚ್ಚು ಲಾಭ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ 860 ಉನ್ನತ ಶ್ರೇಣಿಯ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸೀಮಿತವಾಗಿ ಹೊರಟಿತು. ಶಿಕ್ಷಣದ ಆಚೆಗೂ ಇದೇ ಕಥೆ: ಬಸವಸಾಗರ ಅಣೆಕಟ್ಟೆಯ ಎಡದಂಡೆ ಕಾಲುವೆಯನ್ನು ಇಡೀ ರಾಜ್ಯದ ಹಣದಿಂದ ಕಟ್ಟಲಾಯಿತು. ಭತ್ತದ ಫಲ ನೀರು ಹರಿದ ಹೊಲದವರದ್ದಾಯಿತು. ಅದು ತಪ್ಪೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಸಾರ್ವಜನಿಕ ಹಣದಿಂದ ಕೆಲವರಿಗೆ ನೇರ ಲಾಭವಾಗುವುದೇ ಆಕ್ಷೇಪವಾಗುವುದಾದರೆ ಅದನ್ನು ನರ್ಸಿಂಗ್ ಓದಿದ ಕೂಲಿಕಾರರ ಮಗಳಿಂದ ಆರಂಭಿಸಬೇಕಾಗಿಲ್ಲ.

ಇವೆಲ್ಲಕ್ಕೂ ಮೊದಲು ಖರ್ಚಾಗಬೇಕಾದ ರೂಪಾಯಿ ಸಾಲಕ್ಕಿಂತ ಹಿಂದಿನ ಹಂತದ್ದು. 2023ರ ಜೂನ್ 11ರಿಂದ ಜಾರಿಯಾದ ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಜರೆಯುವವರು ಸುರಪುರದ ಕಾಲೇಜಿಗೆ ಹಳ್ಳಿಯಿಂದ ದಿನವೂ ಹೋಗಿಬರುವ ಹುಡುಗಿಯ ಬಸ್ ಖರ್ಚನ್ನು ಲೆಕ್ಕ ಹಾಕಿ ನೋಡಬೇಕು. ಹಾಸ್ಟೆಲ್ ಸೀಟು, ‘ವಿದ್ಯಾಸಿರಿ’ಯ ಊಟ-ವಸತಿ ನೆರವು, ಶುಲ್ಕ ಮರುಪಾವತಿ ಸಕಾಲಕ್ಕೆ ಕೈಸೇರಿದರೆ ಮಾಡಬೇಕಾದ ಸಾಲವೇ ಕಿರಿದಾಗುತ್ತದೆ.

ಕೆಲವು ಪ್ರಶ್ನೆಗಳು ಇನ್ನೂ ತೆರೆದಿವೆ. ಯಾದಗಿರಿಯ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಿಂತಿವೆ. ಅವರ ಸೇವೆಯನ್ನು ವರ್ಷವೆಂದು ಎಣಿಸಬೇಕೇ, ತಿಂಗಳೆಂದೇ? ಮದುವೆಯಾಗಿ ಬೇರೆ ಜಿಲ್ಲೆಗೆ ಹೋದವರ ಹಿಂದಿನ ಸೇವೆ ಅಲ್ಲಿಗೂ ಮುಂದುವರಿಯಬೇಕೇ? ಹತ್ತು ವರ್ಷದ ಅವಧಿ ಇಂದಿನ ವೈದ್ಯಕೀಯ ಸಾಲದ ಮೊತ್ತಕ್ಕೆ ಹೊಂದುತ್ತದೆಯೇ? ನಿಗಮಗಳ ಸಾಲದ ಕಡತಗಳನ್ನು ತಾಲ್ಲೂಕುವಾರು ಬಿಡಿಸಿ, ಸಾಲಗಾರರು ಈಗ ಎಲ್ಲಿ, ಯಾವ ಕೆಲಸದಲ್ಲಿದ್ದಾರೆಂದು ಗುರುತಿಸುವ ಅಧ್ಯಯನವನ್ನು ಸುರಪುರ, ಶಹಾಪುರ ತಾಲ್ಲೂಕುಗಳಿಂದಲೇ ಆರಂಭಿಸಬಹುದು.