ಮೌಂಟ್ ವರ್ನನ್ ಉಳಿಸಿದ ಹೆಂಗಸರು

1853ರಲ್ಲಿ ಲೂಯಿಸಾ ಕನ್ನಿಂಗ್‌ಹ್ಯಾಮ್ ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ಉಗಿಹಡಗಿನಲ್ಲಿ ಹೋಗುತ್ತಿದ್ದಾಗ, ದಡದ ಮೇಲೆ ಪಾಳುಬೀಳುತ್ತಿದ್ದ ಮೌಂಟ್ ವರ್ನನ್ ಕಂಡಿತು. ಅದು ಜಾರ್ಜ್ ವಾಷಿಂಗ್ಟನ್ ಬಾಳಿದ ಮನೆ. ಗಂಡಸರಿಂದ ಆಗದಿದ್ದರೆ ಹೆಂಗಸರೇ ಏಕೆ ಉಳಿಸಬಾರದು ಎಂದು ಆಕೆ ಮಗಳಿಗೆ ಪತ್ರ ಬರೆದರು.

ಮಗಳು ಆ್ಯನ್ ಪಮೇಲಾ, ಕುದುರೆಯಿಂದ ಬಿದ್ದು ಜೀವನಪೂರ್ತಿ ನರಳಿದವರು. ಪತ್ರಿಕೆಯಲ್ಲಿ ಮನವಿ ಬರೆದದ್ದು ಗುಪ್ತನಾಮದಲ್ಲಿ. ಮರ್ಯಾದಸ್ಥ ಹೆಣ್ಣಿನ ಹೆಸರು ಅಚ್ಚಾಗುವುದೇ ಆಗ ತಪ್ಪು. ಮನೆಯನ್ನು ಕೊಳ್ಳಲು ಕೇಂದ್ರ ಸರ್ಕಾರವಾಗಲಿ ವರ್ಜೀನಿಯಾ ರಾಜ್ಯವಾಗಲಿ ಮುಂದೆ ಬರಲಿಲ್ಲ. ಮತದಾನದ ಹಕ್ಕೂ ಇಲ್ಲದ ಈ ಹೆಂಗಸರು ರಾಜ್ಯಕ್ಕೊಬ್ಬ ಪ್ರತಿನಿಧಿಯನ್ನು ನೇಮಿಸಿ ಚಂದಾ ಎತ್ತಿದರು. ಹೆಸರಾಂತ ವಾಗ್ಮಿ ಎಡ್ವರ್ಡ್ ಎವರೆಟ್ ಊರೂರು ಸುತ್ತಿ ಭಾಷಣ ಮಾಡಿ ಸುಮಾರು 69,000 ಡಾಲರ್ ಕೂಡಿಸಿಕೊಟ್ಟರು. 1858ರಲ್ಲಿ 2,00,000 ಡಾಲರಿಗೆ ಕರಾರಾಯಿತು. 1860ರಲ್ಲಿ ಮನೆ ಕೈಗೆ ಬಂತು. ಸರ್ಕಾರದ ದುಡ್ಡಿಲ್ಲದೆ ಅದೇ ಸಂಘ ಇಂದಿಗೂ ಮನೆ ನಡೆಸುತ್ತಿದೆ. ಅಂತರ್ಯುದ್ಧದಲ್ಲಿ ಕಾರ್ಯದರ್ಶಿ ಸಾರಾ ಟ್ರೇಸಿ ಅಲ್ಲೇ ಉಳಿದು, ಎರಡೂ ಕಡೆಯ ಸೈನಿಕರು ಆಯುಧ ಹೊರಗಿಟ್ಟು ಒಳಬರುವಂತೆ ನೋಡಿಕೊಂಡರು.

ಇದೇ ಕಥೆಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಮನೆ ಮಾರಿದ ಜಾನ್ ಅಗಸ್ಟೀನ್ ವಾಷಿಂಗ್ಟನ್ ಗುಲಾಮರನ್ನು ಇಟ್ಟುಕೊಂಡಿದ್ದವರು. 1799ರಲ್ಲಿ, ಜಾರ್ಜ್ ವಾಷಿಂಗ್ಟನ್ ತೀರಿಕೊಂಡ ವರ್ಷ, ಅಲ್ಲಿದ್ದ ಗುಲಾಮರು 317. ಸಂಘ ಜೋಪಾನ ಮಾಡಿದ್ದು ಯಜಮಾನರ ಕೋಣೆಗಳನ್ನು; ಅದಕ್ಕೆ ಬೆವರು ಸುರಿಸಿದವರ ನೆನಪು ಬಹುಕಾಲ ಮನೆಯ ಕಥೆಯೊಳಗೆ ಬರಲಿಲ್ಲ. ಅವರ ಸ್ಮಶಾನದಲ್ಲಿ ಸಂಘ ಒಂದು ಕಲ್ಲು ನೆಟ್ಟದ್ದು 1929ರಲ್ಲಿ. ಆ ಕಾಲಕ್ಕೆ ಅಷ್ಟೂ ಅಪರೂಪವೇ, ಆದರೆ ಕಲ್ಲು ಪೊದೆಯಲ್ಲಿ ಮರೆಯಾಯಿತು. 1983ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿನ್ಯಾಸ ಮಾಡಿದ ಸ್ಮಾರಕ ಅಲ್ಲಿ ಎದ್ದಿತು. ಹೆಸರಿಲ್ಲದ ಆ ಗೋರಿಗಳು ಎಲ್ಲೆಲ್ಲಿವೆ ಎಂದು ಪುರಾತತ್ತ್ವಜ್ಞರು ಒಂದೊಂದಾಗಿ ಗುರುತು ಹಾಕತೊಡಗಿದ್ದು 2014ರಲ್ಲಿ.