ಹೂಂಗುಟ್ಟುವ ಮನೋರಮೆ: ಮುದ್ದಣನ ಸರಸಕಥನ ಮತ್ತು ಅದರ ಓದುಗರು

ಮುದ್ದಣನ ‘ಶ್ರೀರಾಮಾಶ್ವಮೇಧಂ’ ಕೃತಿಯನ್ನು ಓದಿದ್ದೇವೆ ಎನ್ನುವವರಲ್ಲಿ ಬಹುಮಂದಿ ಓದಿರುವುದು ಅದರ ಕೆಲವೇ ಪುಟಗಳನ್ನು. ಮಳೆಗಾಲದ ಒಂದು ದಿನ ಮನೆಗೆ ಬಂದ ಗಂಡ, ಅವನನ್ನು ಉಪಚರಿಸಿ ಹೊತ್ತು ಕಳೆಯಲು ಕಥೆ ಹೇಳೆಂದು ಕಾಡುವ ಹೆಂಡತಿ, ಕಥೆ ಆರಂಭವಾಗುವ ಮೊದಲೇ ಉಡುಗೊರೆಯ ಚೌಕಾಸಿ. ಇಷ್ಟು ಭಾಗ ಪಠ್ಯಪುಸ್ತಕಗಳ ಮೂಲಕ ಹಲವು ತಲೆಮಾರುಗಳಿಗೆ ಪರಿಚಿತವಾಗಿದೆ. ಯಜ್ಞದ ಕುದುರೆಯ ಹಿಂದೆ ಕೊನೆಯವರೆಗೂ ನಡೆದವರು ಕಡಿಮೆ. ಒಂದೇ ಕೃತಿಯನ್ನು ಕೆಲವರು ದಂಪತಿಗಳ ಲಘು ಸಲ್ಲಾಪವೆಂದು, ಕೆಲವರು ರಾಮಕಥೆಯೆಂದು, ಮತ್ತೆ ಕೆಲವರು ಹಳೆಯ ಕಾವ್ಯವೆಂದು ಓದಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ತಾನು ಬರೆದುದನ್ನು ಬೇರೆಯವರ ಹಳೆಯ ಕೃತಿಯೆಂದು ಹೇಳಿ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದ್ದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ‘ಅದ್ಭುತರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’ಗಳ ನಂತರ ‘ಶ್ರೀರಾಮಾಶ್ವಮೇಧಂ’ ಕೂಡ ಅಲ್ಲಿಯೇ ಪ್ರಕಟವಾಯಿತು. ಕರ್ತೃತ್ವದ ವಿಚಾರ ಖಚಿತವಾದದ್ದು ಆತ ತೀರಿಕೊಂಡ ಬಳಿಕ. ಅಂದರೆ, ಬರೆದವನೆಂಬ ನೆಲೆಯಲ್ಲಿ ಓದುಗರ ಮೆಚ್ಚುಗೆಯನ್ನಾಗಲಿ ಆಕ್ಷೇಪವನ್ನಾಗಲಿ ಎದುರಿಗೆ ನಿಂತು ಕೇಳುವ ಅವಕಾಶವನ್ನು ಮುದ್ದಣ ತಾನಾಗಿಯೇ ಬಿಟ್ಟುಕೊಟ್ಟಿದ್ದನು. ಕೃತಿಯ ಒಳಗೇ ಒಬ್ಬ ಚುರುಕಾದ ಕೇಳುಗಳನ್ನು ಆತ ಕೂರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ.

ಈ ಕಥೆಯ ಆಕರವೆಂದು ಹೇಳಲಾಗುವ ಪದ್ಮಪುರಾಣದ ಪಾತಾಳಖಂಡದಲ್ಲಿ ಕಥೆ ಹೇಳುವವನು ಆದಿಶೇಷ, ಕೇಳುವವನು ವಾತ್ಸ್ಯಾಯನ ಮುನಿ. ಮುನಿ ಭಕ್ತಿಯಿಂದ ಕೇಳುತ್ತಾನೆ, ಅಡ್ಡ ಬರುವುದಿಲ್ಲ. ಮುದ್ದಣ ಆ ಇಬ್ಬರನ್ನೂ ಎಬ್ಬಿಸಿ ಅವರ ಜಾಗದಲ್ಲಿ ಗಂಡಹೆಂಡಿರನ್ನು ಕೂರಿಸಿದನು. ಮನೋರಮೆ ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಕವಿ ಸಂಸ್ಕೃತ ಸಮಾಸಗಳ ಉದ್ದನೆಯ ಸಾಲಿನಿಂದ ತೊಡಗಿದೊಡನೆ ತಡೆದು, ಒಣಗಂಟಲಿಗೆ ಕಡುಬು ತುರುಕುವ ಹೋಲಿಕೆ ಕೊಟ್ಟು ಗೇಲಿ ಮಾಡುತ್ತಾಳೆ. ಜನಪದ ಕಥನಪರಂಪರೆಯನ್ನು ಬಲ್ಲವರಿಗೆ ಈ ಪಾತ್ರ ಅಪರಿಚಿತವಲ್ಲ. ಹೂಂಗುಟ್ಟುವವರಿಲ್ಲದೆ ನಮ್ಮಲ್ಲಿ ಕಥೆ ಮುಂದೆ ಸಾಗುವುದಿಲ್ಲ. ಕಥೆ ಹೇಳುವ ಅಜ್ಜಿಯರು ‘ಹೂಂ’ ನಿಂತರೆ ಮಾತು ನಿಲ್ಲಿಸುತ್ತಾರೆ. ಮನೋರಮೆ ಹೂಂಗುಟ್ಟುವುದರ ಜೊತೆಗೆ ‘ಊಹೂಂ’ ಎನ್ನುವುದನ್ನೂ ಬಲ್ಲವಳು.

ಇಲ್ಲಿ ಯಕ್ಷಗಾನದ ಸಂಬಂಧವನ್ನೂ ಗಮನಿಸಬೇಕು. ಮುದ್ದಣ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಪ್ರಸಂಗಗಳನ್ನು ರಚಿಸಿದವನು. ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಬಯಲಾಟ ನಿಂತು ತಾಳಮದ್ದಳೆ ಆರಂಭವಾಗುತ್ತದೆ. ವೇಷವಿಲ್ಲದೆ, ಕುಳಿತಲ್ಲಿಯೇ, ಮಾತಿಗೆ ಮಾತು ಹೊಸೆಯುವ ಕಲೆ ಅದು. ಮಳೆಗಾಲ, ಮನೆಯ ಒಳಗು, ಎದುರುಬದುರು ಇಬ್ಬರು, ಪುರಾಣದ ಕಥೆ, ನಡುನಡುವೆ ಆಶುಹಾಸ್ಯ. ಈ ಸನ್ನಿವೇಶದಲ್ಲಿ ಅರ್ಥಗಾರಿಕೆಯ ಜಾಯಮಾನ ನನಗೆ ಸ್ಪಷ್ಟವಾಗಿ ಕಾಣಿಸುತ್ತದೆ. ಭಾಷೆ ಹಳಗನ್ನಡದ್ದು, ವರಸೆ ಅರ್ಥಧಾರಿಯದು. ಹಳೆಯ ಕೃತಿಯೆಂದು ಅದನ್ನು ಕೈಗೆತ್ತಿಕೊಂಡ ಓದುಗನಿಗೆ ಭಾಷೆ ನಂಬಿಕೆ ಹುಟ್ಟಿಸಿದರೂ ವರಸೆ ಆ ನಂಬಿಕೆಯನ್ನು ಕದಲಿಸಬೇಕಾಗಿತ್ತು.

1899ರಲ್ಲಿ ಅದೇ ಜಿಲ್ಲೆಯ ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ವಿಧವಾ ವಿವಾಹವನ್ನು ಎತ್ತಿಕೊಂಡ ಆ ಕಾದಂಬರಿಯ ಪಕ್ಕದಲ್ಲಿಟ್ಟು ನೋಡಿದವರಿಗೆ ಮುದ್ದಣನ ಸಲ್ಲಾಪ ಹೊಣೆಯಿಲ್ಲದ ವಿನೋದವಾಗಿ ಕಂಡರೆ ಆಶ್ಚರ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಆತನನ್ನು ಹೊಸಗನ್ನಡದ ಮುಂಗೋಳಿ ಎಂದು ಕರೆದವರು ಆ ವಿನೋದದಲ್ಲಿಯೇ ಹೊಸತನವನ್ನು ಗುರುತಿಸಿದರು. ಮನೋರಮೆಯಲ್ಲಿ ಕವಿಯ ಪತ್ನಿ ಕಮಲಾಬಾಯಿಯ ಛಾಯೆಯನ್ನು ಕಂಡು, ಬಡತನ ಮತ್ತು ಕ್ಷಯರೋಗದ ನಡುವಿನ ದಾಂಪತ್ಯದ ಕನಸಾಗಿ ಅದನ್ನು ಓದಿದವರೂ ಇದ್ದಾರೆ. ಈ ಮೂರನೆಯ ಓದು ಮನಸ್ಸನ್ನು ಕಲಕುವುದು ನಿಜ. ಆದರೆ ಕೃತಿಯ ನಗುವಿಗೆಲ್ಲ ಕವಿಯ ಅಕಾಲಮರಣದ ನೆರಳನ್ನು ಹೊದಿಸುವುದು ಅದಕ್ಕೆ ನ್ಯಾಯ ಒದಗಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಸ್ತ್ರೀಪರ ಓದು ಕೇಳುವ ಪ್ರಶ್ನೆ ಹೆಚ್ಚು ಗಟ್ಟಿಯಾದುದು. ಮನೋರಮೆ ಜಾಣೆ, ಸರಿ. ಅವಳ ಜಾಣ್ಮೆಗೆ ಕಥೆಯನ್ನು ಬದಲಿಸುವ ಅಧಿಕಾರವಿದೆಯೇ? ಭಾಷೆಯನ್ನು ಆರಿಸುವಷ್ಟು ಸ್ವಾತಂತ್ರ್ಯ ಅವಳಿಗಿದೆ, ಘಟನೆಗಳನ್ನು ಆರಿಸುವಷ್ಟು ಇಲ್ಲ. ಹೆಂಡತಿಯನ್ನು ರಂಜಿಸಲು ಗಂಡ ಹೇಳುತ್ತಿರುವುದಾದರೂ ಗಂಡನೊಬ್ಬ ತುಂಬುಗರ್ಭಿಣಿಯಾದ ಹೆಂಡತಿಯನ್ನು ಕಾಡಿಗೆ ಅಟ್ಟಿದ ಕಥೆ. ಸರಸದ ಪುಟಗಳನ್ನಷ್ಟೇ ಕತ್ತರಿಸಿ ಪಾಠವಾಗಿಸಿದಾಗ ಈ ವೈದೃಶ್ಯ ಮರೆಯಾಗುತ್ತದೆ. ಕೃತಿ ಲಘುವೆಂಬ ಮಾತಿಗೆ ಕೃತಿಗಿಂತ ಈ ಕತ್ತರಿಯೇ ಹೆಚ್ಚು ಕಾರಣ.

ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯಕ್ಕೆಂದು ಕಾರ್ಕಳ ಕಡೆಯ ಹಳ್ಳಿಯೊಂದರಲ್ಲಿ ತಂಗಿದ್ದಾಗ, ಮಳೆಯಿಂದ ಹೊರಹೋಗಲಾಗದ ಒಂದು ಸಂಜೆ, ಮನೆಯವರ ಮುಂದೆ ಈ ಸಲ್ಲಾಪವನ್ನು ಓದಿ ಅರ್ಥ ಹೇಳಿದೆ. ಕಾಲೇಜಿಗೆ ಹೋಗುವ ಹುಡುಗಿಯರು ಕಡುಬಿನ ಮಾತಿಗೆ ಬಿದ್ದು ಬಿದ್ದು ನಕ್ಕರು. ಮನೆಯ ಸೊಸೆ, ಇಂಥ ಗಂಡ ಪುಸ್ತಕದಲ್ಲಿ ಮಾತ್ರ ಸಿಗುವುದೆಂದು ಹೇಳಿ ಒಳಗೆದ್ದು ಹೋದರು. ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಅಜ್ಜಿ ಮಾತ್ರ ನಗಲಿಲ್ಲ. ನಾನು ಪುಸ್ತಕ ಮುಚ್ಚಿದ ಮೇಲೆ, “ಅವರಿಬ್ಬರ ಮಾತು ಚಂದವೇ ಮಾರಾಯರೆ, ಆದರೆ ಸೀತೆಯನ್ನು ಕರೆದುಕೊಂಡು ಬಂದರೋ ಇಲ್ಲವೋ?” ಎಂದು ಕೇಳಿದರು. ಪುರಾಣದ ಆ ಕಥೆಯಲ್ಲಿ ಸೀತೆ ಮರಳಿ ಬಂದು ಯಜ್ಞದಲ್ಲಿ ರಾಮನ ಜೊತೆ ಕೂರುತ್ತಾಳೆಂದು ಹೇಳಿದೆ. ಅಜ್ಜಿ ಕೈಯ ಎಲೆಯನ್ನು ಬುಟ್ಟಿಗೆ ಹಾಕಿ, ಬಂದಾಗ ಅವಳು ಏನೆಂದಳು ಎಂದು ಮತ್ತೆ ಕೇಳಿದರು. ನಾನು ಪುಸ್ತಕವನ್ನು ತೆರೆದು ಹಿಂದಿನ ಪುಟಗಳನ್ನು ಹುಡುಕತೊಡಗಿದೆ.