ಸ್ಪೋರ್ಟ್ ಕ್ವಾಡ್‌ಗೆ ಮಿತಖರ್ಚಿನ ಶಾಕ್: ಹೋಂಡಾ 400ಇಎಕ್ಸ್ ಆಧರಿಸಿ ಒಂದು ಸಂಶೋಧನಾ ಟಿಪ್ಪಣಿ

ಹೋಂಡಾ 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಟಿಆರ್‌ಎಕ್ಸ್ 400ಇಎಕ್ಸ್ ಎಂಬ ನಾಲ್ಕು ಚಕ್ರದ ಸ್ಪೋರ್ಟ್ ಕ್ವಾಡ್ ಅಲ್ಲಿನ ಮರಳುದಿಬ್ಬಗಳಲ್ಲೂ ಕಾಡುದಾರಿಗಳಲ್ಲೂ ಇಂದಿಗೂ ಓಡುತ್ತಿದೆ. 397 ಸಿಸಿಯ, ಗಾಳಿಗೆ ತಣಿಯುವ ಒಂಟಿ ಸಿಲಿಂಡರ್ ಎಂಜಿನ್ ಅದರದು. ಎಕ್ಸ್ಆರ್400ಆರ್ ಬೈಕಿನ ಎಂಜಿನ್ನಿನ ವಂಶಕ್ಕೆ ಸೇರಿದ್ದು. ಎಂಜಿನ್ ಗಟ್ಟಿ, ಹಾಗಾಗಿ ಗಾಡಿ ಎರಡನೆಯ, ಮೂರನೆಯ ಒಡೆಯನ ಕೈಗೆ ಬರುವ ಹೊತ್ತಿಗೆ ಮೊದಲು ಸೋತಿರುವುದು ಶಾಕ್ ಅಬ್ಸಾರ್ಬರ್. ಆ ಒಡೆಯ ಸಾಮಾನ್ಯವಾಗಿ ಕಡಿಮೆ ಹಣವಿರುವವನು. ಒಳ್ಳೆಯ ಹೆಸರಿನ ಮುಂದಿನ ಶಾಕ್‌ಗಳ ಹೊಸ ಜೋಡಿಗೆ ಹಲವೊಮ್ಮೆ ಸಾವಿರ ಡಾಲರಿಗೂ ಹೆಚ್ಚು ಬೇಕಾಗುತ್ತದೆ. ಹಳೆಯ ಗಾಡಿಯ ಬೆಲೆಯ ಮುಂದೆ ಅದು ಸಣ್ಣ ಮೊತ್ತವಲ್ಲ. ಅಂಥವನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ನಿಲುವು ಇದು: ಮೊದಲ ಹಣ ಸವಾರನ ತೂಕಕ್ಕೆ ಹೊಂದುವ ಸ್ಪ್ರಿಂಗಿಗೆ ಹೋಗಬೇಕು, ಎರಡನೆಯದು ಹಳೆಯ ಶಾಕನ್ನು ಬಿಚ್ಚಿ ಸರಿಪಡಿಸುವ ರಿಬಿಲ್ಡ್‌ಗೆ. ಬ್ರ್ಯಾಂಡಿನ ಮಾತು ಅದಾದ ಮೇಲೆ.

ಈ ಗಾಡಿಯ ರಚನೆಯೇ ಒಂದು ದಾರಿ ತೋರಿಸುತ್ತದೆ. ಮುಂದೆ ಎರಡೂ ಬದಿಗೆ ಚಕ್ರವನ್ನು ಚಾಸಿಗೆ ಹಿಡಿಯುವ ಜೋಡಿ ಎ-ಆರ್ಮ್, ಒಂದೊಂದು ಶಾಕ್. ಹಿಂದೆ ಸ್ವಿಂಗ್‌ಆರ್ಮ್, ಅಖಂಡ ಆಕ್ಸಲ್, ಲಿಂಕೇಜಿನ ಮೇಲೆ ಒಂದೇ ಶಾಕ್. ಮುಂದಿನವುಗಳಲ್ಲಿ ಸವಾರ ತಿರುಗಿಸಬಲ್ಲದ್ದು ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಎಂಬುದು ಮಾತ್ರ. ಹಿಂದಿನದರಲ್ಲಿ ಒತ್ತಿಕೊಳ್ಳುವಾಗಿನ ತಡೆ (ಕಂಪ್ರೆಷನ್), ಮರಳುವಾಗಿನ ತಡೆ (ರಿಬೌಂಡ್) ಎರಡನ್ನೂ ಹೊಂದಿಸಬಹುದು. ಆದ್ದರಿಂದ ಹಿಂದಿನ ಶಾಕನ್ನು ಉಳಿಸಿಕೊಂಡು ರಿಬಿಲ್ಡ್ ಮಾಡಿಸಿ, ಬದಲಿಸುವ ಹಣವನ್ನು ಮುಂದಿನ ಜೋಡಿಗೆ ಇಡುವುದು ನ್ಯಾಯ.

ಸ್ಪ್ರಿಂಗಿನ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಬಹುಪಾಲು ಹಣ ವ್ಯರ್ಥವಾಗುವುದು ಇಲ್ಲಿ. ಶಾಕ್ ಚಕ್ರದ ಮೇಲೆ ನೇರವಾಗಿ ಕೂತಿಲ್ಲ. ಎ-ಆರ್ಮಿನ ನಡುವೆ ಎಲ್ಲೋ ಕೂತಿದೆ. ಉದಾಹರಣೆಗೆ, ಚಾಸಿಯ ಕೀಲಿನಿಂದ ಬಾಲ್ ಜಾಯಿಂಟ್‌ವರೆಗೆ 15 ಅಂಗುಲ, ಶಾಕ್ ಬೋಲ್ಟಿನವರೆಗೆ 9 ಅಂಗುಲ ಎಂದಿಟ್ಟುಕೊಳ್ಳೋಣ. ಚಕ್ರ ಒಂದು ಅಂಗುಲ ಏರಿದಾಗ ಶಾಕ್ ಒತ್ತಿಕೊಳ್ಳುವುದು 0.6 ಅಂಗುಲ. ಚಕ್ರಕ್ಕೆ ಸಿಗುವ ಬಿಗಿತ ಈ ಅನುಪಾತದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಅಂಗುಲಕ್ಕೆ 150 ಪೌಂಡಿನ ಸ್ಪ್ರಿಂಗ್ ಹಾಕಿದರೂ ಚಕ್ರದಲ್ಲಿ ಉಳಿಯುವುದು 54 ಪೌಂಡ್. ಶಾಕ್ 30 ಡಿಗ್ರಿ ವಾಲಿದ್ದರೆ ಅದರಲ್ಲೂ ಮುಕ್ಕಾಲು ಭಾಗ ಮಾತ್ರ. ಪೀಥಂಪುರದ ಬಾಹಾ ಎಸ್ಎಇ ಇಂಡಿಯಾ ಸ್ಪರ್ಧೆಗೆ ಗಾಡಿ ಕಟ್ಟುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಕುವ ಲೆಕ್ಕವೂ ಇದೇ.

ಈಗ ಅದೇ ಗಾಡಿಗೆ ಎರಡು ಅಂಗುಲ ಹೆಚ್ಚು ಉದ್ದದ, ಆದರೆ ಶಾಕ್ ಬೋಲ್ಟ್ ಹಳೆಯ ಜಾಗದಲ್ಲೇ ಇರುವ ಎ-ಆರ್ಮ್ ಹಾಕಿದರೆಂದುಕೊಳ್ಳಿ. ಅನುಪಾತ 9/17, ಅಂದರೆ 0.53, ಚಕ್ರದ ಬಿಗಿತ 54ರಿಂದ 42ಕ್ಕೆ ಇಳಿಯಿತು, ಶೇ. 22ರಷ್ಟು. ಶಾಕ್ ಬದಲಾಗಿಲ್ಲ, ಆದರೂ ಗಾಡಿ ಮೆತ್ತಗಾಯಿತು, ನೆಲಕ್ಕೆ ಬಡಿಯತೊಡಗಿತು. ಸವಾರ ಶಾಕನ್ನು ದೂರುತ್ತಾನೆ. ಅಗಲದ ಆರ್ಮ್ ತಿರುವಿನಲ್ಲಿ ಗಾಡಿಯನ್ನು ಸ್ಥಿರವಾಗಿಡುತ್ತದೆ, ನಿಜ. ಆದರೆ ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ದಾರಿಗಳಿಗೆ 50 ಅಂಗುಲದ ಅಗಲಮಿತಿ ಇದೆ, ಕಾಡಿನಲ್ಲಿ ಓಡಿಸುವವನು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಲಾಂಗ್ ಟ್ರಾವೆಲ್’ ಎಂದು ಮಾರುವ ಶಾಕ್‌ಗಳು ಆ ಹೆಸರಿನ ಆರ್ಮ್‌ಗಳಿಗೇ ಆದವು. ಮೂಲ ಆರ್ಮಿಗೆ ಅವು ಕೂರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅಂಥ ಜೋಡಿ ಕೊಂಡವನು ಆರ್ಮ್‌ಗಳನ್ನೂ ಕೊಳ್ಳಬೇಕಾಗುತ್ತದೆ, ಅಲ್ಲಿಗೆ ಮಿತವ್ಯಯ ಮುಗಿಯಿತು.

ಪ್ರೀಲೋಡ್ ಬಿಗಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಏಕರೂಪದ ಸುರುಳಿಯಿರುವ ಸ್ಪ್ರಿಂಗಿನ ಮಟ್ಟಿಗೆ ಅದು ತಪ್ಪು. ಅಂಗುಲಕ್ಕೆ 150 ಪೌಂಡಿನದನ್ನು ಒಂದು ಅಂಗುಲ ಬಿಗಿದರೆ ಮೊದಲ 150 ಪೌಂಡ್ ಬೀಳುವವರೆಗೆ ಅದು ಅಲುಗುವುದಿಲ್ಲ. ಆಮೇಲೆ ಪ್ರತಿ ಅಂಗುಲಕ್ಕೆ ಮತ್ತದೇ 150. ಬದಲಾದದ್ದು ಗಾಡಿ ನಿಲ್ಲುವ ಎತ್ತರ ಮಾತ್ರ. ಸವಾರ ಕೂತಾಗ ಗಾಡಿ ಎಷ್ಟು ತಗ್ಗುತ್ತದೆ ಎನ್ನುವುದನ್ನು ‘ಸ್ಯಾಗ್’ ಎನ್ನುತ್ತಾರೆ. ಒಟ್ಟು ಪ್ರಯಾಣದ ಮೂರನೆಯ ಒಂದು ಭಾಗದ ಸುಮಾರಿಗೆ ಅದು ಇರಬೇಕೆಂಬುದು ರೂಢಿ. 400ಇಎಕ್ಸ್‌ನ ಮುಂದಿನ ಪ್ರಯಾಣ ಸುಮಾರು 8 ಅಂಗುಲ, ಅಲ್ಲಿಗೆ ಸ್ಯಾಗ್ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಮಿತಿಮೀರಿ ಬಿಗಿದ ಮೇಲಷ್ಟೇ ಈ ಅಳತೆ ಸಿಗುತ್ತದೆಂದರೆ ಬೇಕಾಗಿರುವುದು ಬೇರೆ ಸ್ಪ್ರಿಂಗ್.

ಅಳೆಯುವಾಗ ಒಂದು ಎಚ್ಚರ ಬೇಕು. ಗಾಡಿ ತಗ್ಗಿದಂತೆ ಮುಂದಿನ ಎರಡು ಚಕ್ರಗಳ ನಡುವಣ ಅಂತರ ಹಿಗ್ಗುತ್ತದೆ, ಟೈರು ನೆಲವನ್ನು ಕಚ್ಚಿ ಅದನ್ನು ತಡೆಯುತ್ತದೆ. ಹಾಗಾಗಿ ಸವಾರ ಕೂತ ಮೇಲೆ ಗಾಡಿಯನ್ನು ಒಂದೆರಡು ಅಡಿ ಹಿಂದೆ ಮುಂದೆ ಉರುಳಿಸಿಯೇ ಅಳೆಯಬೇಕು. ಇಲ್ಲದಿದ್ದರೆ ಸ್ಯಾಗ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಆ ತಪ್ಪು ಅಂಕಿಯ ಮೇಲೆ ಸ್ಪ್ರಿಂಗ್ ಕೊಂಡದ್ದಾಗುತ್ತದೆ. ಬೂಟು, ಹೆಲ್ಮೆಟ್, ನೀರಿನ ಚೀಲ ಎಲ್ಲವೂ ಮೈಮೇಲಿರಲಿ.

ಒಂದೇ ಶಾಕಿನ ಮೇಲೆ ಎರಡು ಸ್ಪ್ರಿಂಗ್ ಪೇರಿಸಿದ್ದನ್ನು ನೋಡಿ ಗಟ್ಟಿ ಎಂದುಕೊಳ್ಳುವವರಿದ್ದಾರೆ. 100 ಮತ್ತು 200 ಪೌಂಡಿನವು ಒಂದರ ಮೇಲೊಂದು ಕೂತಾಗ ಆರಂಭದ ಬಿಗಿತ 67 ಪೌಂಡಿನಷ್ಟೇ, ಎರಡಕ್ಕಿಂತಲೂ ಮೆತ್ತಗೆ. ಒಂದು ನಿಗದಿತ ಬಿಂದುವಿನಲ್ಲಿ ಮೆತ್ತನೆಯದು ತಡೆಗೆ ತಾಗುತ್ತದೆ, ಅಲ್ಲಿಂದ ಮುಂದೆ 200 ಪೌಂಡಿನದು ಒಂದೇ ದುಡಿಯುತ್ತದೆ. ಬೇರುಗಳ ಮೇಲೆ ಮೃದುವಾಗಿ, ಜಿಗಿದು ಇಳಿದಾಗ ಗಡುಸಾಗಿ ನಡೆಯಲಿ ಎಂಬುದು ಇದರ ಉದ್ದೇಶ.

ಸ್ಪ್ರಿಂಗ್ ಬದಲಿಸಿದರೆ ಎಣ್ಣೆಯ ತಡೆಯನ್ನೂ ನೋಡಬೇಕು. ಬಿಗಿತ ಶೇ. 20 ಏರಿದರೆ ರಿಬೌಂಡಿನ ತಡೆ ಶೇ. 10ರಷ್ಟು ಏರಬೇಕು, ಇಲ್ಲದಿದ್ದರೆ ಒತ್ತಿಕೊಂಡ ಸ್ಪ್ರಿಂಗ್ ಗಾಡಿಯನ್ನು ಎತ್ತಿ ಎಸೆಯುತ್ತದೆ. ಶಾಕಿನೊಳಗೆ ಎಣ್ಣೆಯೂ ಅನಿಲವೂ ಒಂದೇ ಕೋಣೆಯಲ್ಲಿದ್ದರೆ ಉದ್ದನೆಯ ಓಟದಲ್ಲಿ ಎರಡೂ ಬೆರೆತು ನೊರೆಯಾಗುತ್ತವೆ. ಪಿಸ್ಟನ್ ನೊರೆಯನ್ನು ಹಾಯುವಾಗ ತಡೆ ಬಹಳ ಕುಗ್ಗುತ್ತದೆ. ಅನಿಲವನ್ನು ತೇಲುವ ಪಿಸ್ಟನ್ನಿನ ಆಚೆ ಬೇರ್ಪಡಿಸಿ ಒತ್ತಡದಲ್ಲಿಡುವ ಉಪಾಯವನ್ನು ಫ್ರಾನ್ಸಿನ ದ ಕಾರ್ಬನ್ ಎಂಬಾತ 1950ರ ದಶಕದಲ್ಲಿ ಬಳಕೆಗೆ ತಂದ. ಇಂದಿನ ಕ್ವಾಡ್‌ಗಳ ಶಾಕಿಗೆ ಅಂಟಿಕೊಂಡಿರುವ ಪಿಗ್ಗಿಬ್ಯಾಕ್ ಡಬ್ಬಿಯಲ್ಲಿ ನೈಟ್ರೋಜನ್ ತುಂಬಿ ಮಾಡುವುದೂ ಇದನ್ನೇ.

ಮಿತಖರ್ಚಿನವನಿಗೆ ನಿಜವಾದ ಅನುಕೂಲ ಒದಗಿಬಂದದ್ದು 2004ರಿಂದ. ಆ ವರ್ಷ ಯಮಹಾ ವೈಎಫ್‌ಜೆಡ್450, ಹೋಂಡಾ ಟಿಆರ್‌ಎಕ್ಸ್450ಆರ್ ಎರಡೂ ಬಂದವು. 2006ರಲ್ಲಿ ಸುಜುಕಿ ಎಲ್‌ಟಿ-ಆರ್450. ಈ ಗಾಡಿಗಳ ಮುಂದಿನ ಶಾಕ್‌ಗಳಿಗೆ ಕಾರ್ಖಾನೆಯಲ್ಲೇ ಪಿಗ್ಗಿಬ್ಯಾಕ್ ಡಬ್ಬಿ ಇತ್ತು, ಕಂಪ್ರೆಷನ್ ಮತ್ತು ರಿಬೌಂಡ್ ಹೊಂದಿಸಬಹುದಿತ್ತು. ರೇಸಿನವರು ಗಾಡಿ ಕೊಂಡ ಕೂಡಲೇ ಅವನ್ನು ಬಿಚ್ಚಿ ಎಲ್ಕಾ, ಫಾಕ್ಸ್, ಓಲಿನ್ಸ್ ಬ್ರ್ಯಾಂಡಿನ ಶಾಕ್ ಹಾಕಿದರು. ಬಿಚ್ಚಿದ್ದು ಹೊಸ ಶಾಕಿನ ಬೆಲೆಯ ಚಿಕ್ಕ ಪಾಲಿಗೆ ಮಾರಾಟವಾಯಿತು. 450ಆರ್ ಶಾಕ್‌ಗಳನ್ನು 400ಇಎಕ್ಸ್‌ಗೆ ಕೂರಿಸುವುದು ಹೀಗೆ ವಾಡಿಕೆಯಾಯಿತು. ಶಾಕಿನ ಎರಡು ತುದಿಯ ಬೋಲ್ಟ್ ಕಣ್ಣುಗಳ ನಡುವಣ ಉದ್ದ, ಬೋಲ್ಟಿನ ದಪ್ಪ, ಬುಷ್‌ನ ಅಗಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಡಬ್ಬಿಗೂ ಚಾಸಿಗೂ ನಡುವೆ ಉಳಿಯುವ ಜಾಗ, ಇವನ್ನು ಅಳೆಯದೆ ಹಣ ಕೊಡಬಾರದು. ಸ್ಪ್ರಿಂಗ್ ತೆಗೆದು ಚಕ್ರವನ್ನು ಕೈಯಿಂದ ಮೇಲೆ ಕೆಳಗೆ ಪೂರ್ತಿ ಆಡಿಸಿ ನೋಡಿದರೆ ಎಲ್ಲಿ ತಗಲುತ್ತದೆಂದು ತಿಳಿಯುತ್ತದೆ.

ಬಳಸಿದ ಎಲ್ಕಾವನ್ನೋ ಓಲಿನ್ಸನ್ನೋ ಕೊಂಡರಾಗದೆ ಎಂದು ಕೇಳಬಹುದು. ಇಂಥ ಶಾಕನ್ನು ಹೆಚ್ಚಾಗಿ ಒಬ್ಬ ಸವಾರನ ತೂಕ, ಅವನ ಆರ್ಮ್, ಅವನ ನೆಲ ನೋಡಿ ಕಟ್ಟಿಸಿರುತ್ತಾರೆ. 100 ಕೆ.ಜಿ.ಯ ಮೋಟೋಕ್ರಾಸ್ ಸವಾರನಿಗೆ ಕಟ್ಟಿದ್ದು 65 ಕೆ.ಜಿ.ಯ ಹುಡುಗನಿಗೆ ಬೇರೊಬ್ಬನ ಕನ್ನಡಕದಂತೆ. ಸ್ಪ್ರಿಂಗ್, ಎಣ್ಣೆಯ ತಡೆ ನಿರ್ಧರಿಸುವ ವಾಲ್ವಿಂಗ್ ಎರಡನ್ನೂ ಬದಲಿಸುವ ಖರ್ಚು ಸೇರಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಕೊಳ್ಳಬೇಕು. ಫಾಕ್ಸ್ ಫ್ಲೋಟ್ ಈ ಮಾತಿಗೆ ಅಪವಾದ: ಅದರ ಸ್ಪ್ರಿಂಗ್ ಗಾಳಿಯೇ, ಕೈಪಂಪಿನಿಂದ ಬಿಗಿತ ಬದಲಾಗುತ್ತದೆ. ಸೀಲುಗಳು ಸುಸ್ಥಿತಿಯಲ್ಲಿದ್ದರೆ ಹಳೆಯದನ್ನೂ ಧೈರ್ಯವಾಗಿ ಕೊಳ್ಳಬಹುದು. ಬಿಚ್ಚಲಾಗದಂತೆ ಮುಚ್ಚಿದ, ಬಿಡಿ ಸ್ಪ್ರಿಂಗ್ ಸಿಗದ, ಯಾರು ಮಾಡಿದರೆಂದು ತಿಳಿಯದ ಅಗ್ಗದ ಹೊಸ ಜೋಡಿಯನ್ನು ನಾನು ಯಾರಿಗೂ ಸೂಚಿಸಲಾರೆ. ಸೀಲ್ ಹೋದ ದಿನ ಅದು ಗುಜರಿ.

ಹಳೆಯದನ್ನು ಕೈಗೆತ್ತಿಕೊಂಡಾಗ ಮೊದಲು ಶಾಕಿನ ಒಳಹೊರಗೆ ಜಾರುವ ದಂಡದ ಕ್ರೋಮ್ ನೋಡಬೇಕು. ಉಗುರಿಗೆ ತಗಲುವ ಗೀರು, ತುಕ್ಕಿನ ಗುಳಿ ಇದ್ದರೆ ಹೊಸ ಸೀಲನ್ನೂ ಅದು ಕೊಯ್ಯುತ್ತದೆ, ದಂಡವನ್ನೇ ಬದಲಿಸಬೇಕು. ಸೀಲಿನ ಬಳಿ ಎಣ್ಣೆಯ ಜಿಡ್ಡಿದ್ದರೆ ಹೆದರಬೇಕಿಲ್ಲ, ರಿಬಿಲ್ಡ್‌ನಲ್ಲಿ ಹೇಗೂ ಅದು ಹೋಗುತ್ತದೆ; ಬೆಲೆ ಇಳಿಸಲು ಅದು ಒಳ್ಳೆಯ ಕಾರಣ. ದಂಡ ಬಾಗಿದ್ದರೆ ಬಿಟ್ಟುಬಿಡಿ. ರಿಬಿಲ್ಡ್ ಎಂದರೆ ಸೀಲ್, ಎಣ್ಣೆ, ಪಿಸ್ಟನ್ನಿನ ಪಟ್ಟಿ, ಹೊಸ ನೈಟ್ರೋಜನ್. ವಾಲ್ವಿನ ತೆಳು ಬಿಲ್ಲೆಗಳನ್ನು ತನ್ನ ತೂಕಕ್ಕೆ ಹೊಂದಿಸಿಕೊಳ್ಳುವುದಕ್ಕೂ ಅದೇ ಸಮಯ, ಕೆಲಸಗಾರ ಹೇಗೂ ಶಾಕನ್ನು ಬಿಚ್ಚಿರುತ್ತಾನೆ. ಒತ್ತಡದ ಅನಿಲವಿರುವ ಡಬ್ಬಿಯನ್ನು ಅನಿಲ ಬಿಡದೆ ಯಾರೂ ತೆರೆಯಬಾರದು. ಮುಚ್ಚಳ ಸಿಡಿದು ಕಣ್ಣು ಹೋಗಬಹುದು.

ಇವೆಲ್ಲಕ್ಕೂ ಮೊದಲು ಟೈರನ್ನು ನೋಡಬೇಕು. ಸ್ಪೋರ್ಟ್ ಕ್ವಾಡಿನ ಟೈರಿನಲ್ಲಿ ಗಾಳಿ 4 ಪಿಎಸ್ಐ ಆಸುಪಾಸು. ಒಂದು ಪಿಎಸ್ಐ ವ್ಯತ್ಯಾಸವೆಂದರೆ ಕಾಲು ಭಾಗ. ಕಾರಿನ ಗೇಜಿಗೆ ಇಷ್ಟು ಸಣ್ಣ ಒತ್ತಡ ಸರಿಯಾಗಿ ಕಾಣುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇಕು. ಎ-ಆರ್ಮಿನ ಬುಷ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಅವನ್ನೂ ಆಗಲೇ ಬದಲಿಸಿಕೊಳ್ಳಬೇಕು. ಹೊಸ ಮುಂದಿನ ಜೋಡಿ ಕೂತ ಮೇಲೆ ಗಾಡಿಯ ಮೂತಿ ಏರಿ ಭಾರ ತುಸು ಹಿಂದಕ್ಕೆ ಸರಿದಿರಬಹುದು; ಹಿಂದಿನ ಸ್ಯಾಗನ್ನು ಮತ್ತೆ ಅಳೆದು, ಆಮೇಲೆ ಮುಂದಿನ ಚಕ್ರಗಳ ಟೋ, ಅಂದರೆ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಓರೆಯನ್ನು ಸರಿಪಡಿಸಬೇಕು.